ಹೂಂಗುಟ್ಟಿದವಳು

ಧನುರ್ಮಾಸದ ಚಳಿಗೆ ಹಲಸೂರಿನ ಸೋಮೇಶ್ವರನ ಗುಡಿಯ ಕಲ್ಲುಹಾಸು ಅಂಗಾಲನ್ನು ಕಚ್ಚುತ್ತಿತ್ತು. ಅಂಬುಜಾ ಕೈಮುಗಿದು ನಿಂತಿದ್ದಳು. ಅರ್ಚಕರು ಗೋತ್ರ, ನಕ್ಷತ್ರ, ಹೆಸರು ಕೇಳಿಕೊಂಡು ಗರ್ಭಗುಡಿಯೊಳಗೆ ಹೋದರು, ಮಬ್ಬಿನಲ್ಲಿ ಏನನ್ನೋ ಗುನುಗಿದರು, ಹೊರಗೆ ಬಂದು ಮಂಗಳಾರತಿಯ ತಟ್ಟೆ ಚಾಚಿದರು. ದಿನವೂ ನಡೆಯುವುದೇ. ಇವತ್ತು ಮಾತ್ರ ಅವಳ ಕೈ ಜ್ಯೋತಿಯ ತನಕ ಹೋಗದೆ ನಡುವೆಯೇ ನಿಂತುಬಿಟ್ಟಿತು. ಇವರು ಒಳಗೆ ಹೇಳಿದ್ದು ನನ್ನ ಹೆಸರೇ ಹೌದೇ? ಬೇರೆ ಯಾರ ಹೆಸರನ್ನೋ ಹೇಳಿ, ಅವರಿಗೆ ಬಂದದ್ದನ್ನು ತಂದು ನನ್ನ ಕೈಗೆ ಹಾಕಿದರೆ ನನಗೆ ಹೇಗೆ ತಿಳಿದೀತು? ಯೋಚನೆ ಬಂದ ಮರುಗಳಿಗೆಯೇ ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ ಭಯವೂ ಬಂತು. ಬುದ್ಧಿ ತಿಳಿದಾಗಿನಿಂದ ಈ ಕೈಗಳು ದೇವರ ಮುಂದೆ ಹೀಗೆ ಹಿಂಜರಿದದ್ದಿಲ್ಲ. ಅನುಮಾನ ನಿನ್ನ ಮೇಲಲ್ಲ ತಂದೆ, ನಡುವೆ ನಿಂತವರ ಮೇಲೆ, ಎಂದು ಮನಸ್ಸಿನಲ್ಲೇ ಗಲ್ಲ ಬಡಿದುಕೊಂಡಳು. ಅರ್ಚಕರು ದೊನ್ನೆಯಲ್ಲಿ ಬಿಸಿ ಹುಗ್ಗಿ ಹಾಕಿಕೊಡುತ್ತ, ಯಾಕಮ್ಮ, ಜ್ವರವೇ ಎಂದು ಕೇಳಿದರು. ಅವಳು ಹೂಂ ಅಂದಳು. ಜ್ವರವಿರಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ, ಅಯ್ಯೋ ಮತ್ತೆ ಹೂಂ ಅಂದೆನಲ್ಲ ಎಂದು ಮೈ ಜುಮ್ಮೆಂದಿತು.

ನಿನ್ನೆ ಅವಳ ಬಾಯಿಂದ ಹೊರಟ ಒಂದು ಹೂಂ ರಾತ್ರಿಯೆಲ್ಲ ಅವಳ ಮಗ್ಗುಲಲ್ಲೇ ಮಲಗಿತ್ತು. ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಕೂತಿತ್ತು.

ಇಂದಿರಾನಗರದ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಹೆಂಗಸರ ಸೀಟು ಸಿಕ್ಕಿತು. ಹುಗ್ಗಿಯ ದೊನ್ನೆ ತೊಡೆಯ ಮೇಲೆ ಬೆಚ್ಚಗಿತ್ತು. ಅಂಬುಜಾ ಕೆಲಸ ಮಾಡುವ ಸರ್ಕಾರಿ ಕಾರ್ಖಾನೆಯ ಪ್ರಯೋಗಾಲಯ ಕಗ್ಗದಾಸಪುರದ ರೈಲ್ವೆ ಗೇಟಿನ ಆಚೆಗೆ. ಕೆಲವು ವರ್ಷಗಳಿಂದ ಅಲ್ಲಿ ಒಂದು ಟೆಲಿಫೋನು ತಯಾರಾಗುತ್ತಿತ್ತು. ಮಾತು ಹೋಗುವುದು ಎಲ್ಲರ ಮಾತೂ ಹೋಗುವ ತಂತಿಯಲ್ಲೇ, ಆದರೆ ತಂತಿಗೆ ಕಿವಿಯಿಟ್ಟವನಿಗೆ ಮೊರದಿಂದ ರಾಗಿ ಸುರಿದ ಸದ್ದು ಬಿಟ್ಟು ಬೇರೇನೂ ಕೇಳಕೂಡದು. ಗಡಿಯ ಬೆಟ್ಟಗಳ ಮೇಲಿನ ಠಾಣೆಗಳಿಗೆ ಹೋಗಬೇಕಾದ ಫೋನು. ಒಬ್ಬರು ಬೀಗ ಹಾಕಿದ್ದನ್ನು ಇನ್ನೊಬ್ಬರು ತೆಗೆಯಬೇಕಾದರೆ ಇಬ್ಬರ ಹತ್ತಿರವೂ ಒಂದೇ ಕೀಲಿಕೈ ಇರಬೇಕಷ್ಟೆ. ಆ ಕೀಲಿಕೈಯನ್ನು ಯಾರ ಕೈಲಿ ಕೊಟ್ಟು ಕಳಿಸುವುದು? ಕಳಿಸುವುದೇ ಬೇಡ, ಕರೆ ಸೇರಿದ ಕೂಡಲೇ ಎರಡೂ ಪೆಟ್ಟಿಗೆಗಳು ಎಲ್ಲರ ಕಿವಿಯೆದುರಿಗೇ ಹೊಸದೊಂದು ಕೀಲಿಕೈಯನ್ನು ತಮ್ಮಲ್ಲೇ ಒಪ್ಪಿಕೊಳ್ಳುತ್ತವೆ ಎಂದು ಅವಳು ಹೇಳಿದಾಗ, ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಅವಳ ಗಂಡ ನಕ್ಕಿದ್ದ. ಎಲ್ಲರ ಎದುರಿಗೆ ಹೇಳಿದ್ದು ಗುಟ್ಟು ಹೇಗಾಗುತ್ತೇ ಅಂದಿದ್ದ. ಅದರ ತತ್ವವೇನೂ ಮುಚ್ಚಿಡುವಂಥದಲ್ಲ, ಪುಸ್ತಕಗಳಲ್ಲೇ ಇರುವುದು. ಅವನಿಗೆ ತಿಳಿಯಲೆಂದು ಹುಳಿಪುಡಿಯ ಲೆಕ್ಕದಲ್ಲಿ ಹೇಳಿದ್ದಳು. ಬೇಳೆಪುಡಿ ಎಲ್ಲರೂ ಕಂಡದ್ದು. ಅದಕ್ಕೆ ನಾನು ನನ್ನ ಮಸಾಲೆ ಬೆರೆಸಿ ನಿಮಗೆ ಕಳಿಸುತ್ತೇನೆ, ನೀವು ನಿಮ್ಮ ಮಸಾಲೆ ಬೆರೆಸಿ ನನಗೆ ಕಳಿಸುತ್ತೀರಿ. ಬೀದಿಯವರು ಎರಡೂ ಡಬ್ಬಿಯನ್ನು ತೆರೆದು ನೋಡಲಿ. ನಿಮ್ಮಿಂದ ಬಂದದ್ದಕ್ಕೆ ನಾನು ನನ್ನ ಮಸಾಲೆ ಸೇರಿಸುತ್ತೇನೆ, ನನ್ನಿಂದ ಬಂದದ್ದಕ್ಕೆ ನೀವು ನಿಮ್ಮದನ್ನು. ಕೊನೆಗೆ ಎರಡು ಮನೆಯ ಹುಳಿಯೂ ಒಂದೇ ರುಚಿ. ಬೀದಿಯವರಿಗೆ ಆ ರುಚಿ ದಕ್ಕುವುದಿಲ್ಲ. ಬೆರೆತ ಪುಡಿಯನ್ನು ಬಿಡಿಸುವುದು ಬ್ರಹ್ಮನ ಕೈಲೂ ಆಗುವುದಿಲ್ಲ.

ಅವನು ತಲೆದೂಗಿದ್ದ. ಅವಳು ಅಲ್ಲಿಗೇ ನಿಲ್ಲಿಸಿದ್ದಳು. ಉಳಿದದ್ದನ್ನು ಹೇಳಿರಲಿಲ್ಲ. ಡಬ್ಬಿ ಹೊತ್ತವಳೇ ದಾರಿಯಲ್ಲಿ ಕೂತು, ನನ್ನ ಡಬ್ಬಿ ತೆಗೆದಿಟ್ಟು ನಿಮಗೆ ತನ್ನದೊಂದು ಡಬ್ಬಿ, ನಿಮ್ಮದನ್ನು ತೆಗೆದಿಟ್ಟು ನನಗೆ ತನ್ನದೊಂದು ಡಬ್ಬಿ ಕೊಟ್ಟುಬಿಟ್ಟರೆ? ಆಗ ಅವಳಿಗೂ ನನಗೂ ಒಂದು ರುಚಿ, ಅವಳಿಗೂ ನಿಮಗೂ ಇನ್ನೊಂದು ರುಚಿ. ನಾನು ಮುಚ್ಚಿ ಕಳಿಸಿದ್ದನ್ನು ಅವಳು ತೆರೆದು, ಉಂಡು, ಮತ್ತೆ ನಿಮ್ಮ ರುಚಿಗೆ ಮುಚ್ಚಿ ನಿಮಗೆ ದಾಟಿಸುತ್ತಾಳೆ. ನಾವಿಬ್ಬರೂ ಒಬ್ಬರಿಗೊಬ್ಬರು ಬಡಿಸಿಕೊಳ್ಳುತ್ತಿದ್ದೇವೆಂದೇ ತಿಳಿದಿರುತ್ತೇವೆ. ಆ ಒಂದು ತೂತು ಮುಚ್ಚಲೆಂದೇ ಪೆಟ್ಟಿಗೆಯ ಮೇಲೆ ಪುಟ್ಟ ಪರದೆ ಇಟ್ಟದ್ದು. ಕೀಲಿಕೈ ಒಪ್ಪಿತವಾದ ಕೂಡಲೇ ಅದರಿಂದ ಹುಟ್ಟಿದ ನಾಲ್ಕು ಅಂಕಿ ಅಲ್ಲಿ ಹಸಿರಾಗಿ ಬೆಳಗುತ್ತದೆ. ಕೀಲಿಕೈ ಒಂದೇ ಆದರೆ ಎರಡೂ ಕಡೆ ಅದೇ ಅಂಕಿ. ನಡುವೆ ಯಾರಾದರೂ ಕೂತಿದ್ದರೆ ಈ ಕಡೆ ಒಂದು, ಆ ಕಡೆ ಒಂದು. ಆದ್ದರಿಂದ ಮಾತು ಶುರುಮಾಡುವ ಮೊದಲು ಒಬ್ಬರು ಮೊದಲೆರಡು ಅಂಕಿಯನ್ನು, ಇನ್ನೊಬ್ಬರು ಕೊನೆಯೆರಡನ್ನು ತಮ್ಮ ದನಿಯಲ್ಲೇ ಓದಿ ಹೇಳಬೇಕು ಎಂದು ಅಂಬುಜಾ ನಿಯಮ ಮಾಡಿದ್ದಳು. ಪ್ರಯೋಗಾಲಯದ ಮುಖ್ಯಸ್ಥರಾದ ಶ್ರೀಕಂಠಯ್ಯನವರು ಅದನ್ನು ಒಪ್ಪಿರಲಿಲ್ಲ. ದೊಡ್ಡ ಹುದ್ದೆಯವರು ಫೋನೆತ್ತಿದರೆ, ಆಚೆ ಕಡೆಯ ಸಣ್ಣವನು ನಿಮ್ಮ ಅಂಕಿ ಓದಿ ಸ್ವಾಮಿ ಅಂತ ಕೇಳುವುದೇನು ಚೆನ್ನ ಎಂದಿದ್ದರು. ದೊಡ್ಡವರು ಓದಲಿ, ಚಿಕ್ಕವರು ಹೂಂ ಅನ್ನಲಿ, ಸಾಕು. ಅಂಬುಜಾ ಅದಕ್ಕೂ ಹೂಂ ಅಂದಿದ್ದಳು.

ಬಸ್ಸು ನೂರಡಿ ರಸ್ತೆಯಲ್ಲಿ ಗಕ್ಕನೆ ನಿಂತಾಗ ದೊನ್ನೆ ಜಾರಿತು, ಹಿಡಿದುಕೊಂಡಳು. ನಿನ್ನೆ ಪರೀಕ್ಷೆಯ ಮೊದಲ ದಿನ. ಶ್ರೀಕಂಠಯ್ಯನವರು ದಂಡು ಪ್ರದೇಶದಲ್ಲಿ, ಹಲಸೂರು ಕೆರೆಯಾಚೆಗಿನ ಸೇನೆಯ ಕಚೇರಿಯಲ್ಲಿ ಅಧಿಕಾರಿಗಳ ನಡುವೆ ಕೂತಿದ್ದರು. ಇವಳು ಪ್ರಯೋಗಾಲಯದಲ್ಲಿ ಒಬ್ಬಳೇ. ಫೋನು ಸೇರಿತು, ಹಸಿರು ದೀಪ ಹತ್ತಿತು. ಏಳು, ಒಂದು, ನಾಲ್ಕು, ಒಂಬತ್ತು, ಸರಿಯಷ್ಟೆ ಅಂಬುಜಾ ಎಂದರು ಅವರು, ತಾಂಬೂಲ ತುಂಬಿದಂಥ ತುಂಬುದನಿಯಲ್ಲಿ. ಹೂಂ ಸರ್ ಎಂದಳು. ಬಾಯಿ ಅಂದ ಮೇಲೆ ಕಣ್ಣು ಪರದೆಗೆ ಹೋಯಿತು. ಮೂರು, ಸೊನ್ನೆ, ಐದು, ಎಂಟು. ಅಷ್ಟರಲ್ಲಿ ಆಚೆಯಿಂದ ಚಪ್ಪಾಳೆ ಕೇಳಿಸಿತು. ಯಾರೋ ಅಧಿಕಾರಿ ಫೋನು ತೆಗೆದುಕೊಂಡು, ಅಲ್ಲಿ ಚಳಿ ಹೇಗಿದೆ ಮೇಡಂ ಎಂದು ಹಿಂದಿಯಲ್ಲಿ ನಗುತ್ತ ಕೇಳಿದರು. ಅವಳು ಏನೋ ಹೇಳಿದಳು. ಒಂದೊಂದು ಅಕ್ಷರವೂ ಪಕ್ಕದ ಕೋಣೆಯಿಂದ ಬಂದಷ್ಟು ನಿಚ್ಚಳ. ರಿಸೀವರು ಇಟ್ಟ ಕೂಡಲೇ ಅಂಕಿಗಳು ಅಳಿಸಿಹೋದವು. ಹಾಗೆ ಅಳಿಸಿಹೋಗಬೇಕೆಂದು ಮಾಡಿದವಳೂ ಅವಳೇ.

ಭಯ ಆಗಲೇ ಶುರುವಾದದ್ದಲ್ಲ. ಮೊದಲು ಬರೀ ಪೆಚ್ಚಾಯಿತು. ಯಂತ್ರದಲ್ಲೇನೋ ದೋಷ, ಕೀಲಿಕೈ ಕೂಡಿಲ್ಲ, ಅಷ್ಟೆ, ಎಂದುಕೊಂಡು ಕುರ್ಚಿಯಿಂದ ಅರ್ಧ ಎದ್ದವಳು ಹಾಗೆಯೇ ಕೂತಳು. ಕೀಲಿಕೈ ಕೂಡದಿದ್ದರೆ ಕಿವಿಗೆ ರಾಗಿ ಸುರಿದ ಸದ್ದೇ ಬರಬೇಕಿತ್ತು. ಅಂಕಿ ಬೇರೆ ಬೇರೆ, ಮಾತು ಮಾತ್ರ ನಿಚ್ಚಳ. ಎರಡೂ ನಿಜವಾಗಬೇಕಾದರೆ ಒಂದೇ ದಾರಿ. ಇವಳ ಬೀಗವನ್ನು ಇವಳ ಕೀಲಿಕೈಯಿಂದ ತೆಗೆದು, ಅವರ ಕೀಲಿಕೈಯಿಂದ ಮತ್ತೆ ಹಾಕಿ ದಾಟಿಸುವವರು ಯಾರೋ ನಡುವೆ ಕೂತಿರಬೇಕು. ಹಾಗೆ ಕೂರಬೇಕಾದರೆ ಅವರ ಕೈಯಲ್ಲೂ ಇಂಥದೇ ಪೆಟ್ಟಿಗೆ ಇರಬೇಕು. ಇಂಥ ಪೆಟ್ಟಿಗೆಯ ಹೊಟ್ಟೆಯೊಳಗೇನಿದೆಯೆಂದು ಬಲ್ಲವರು ಈ ಕಟ್ಟಡದಲ್ಲಿ ಬೆರಳೆಣಿಕೆಯ ಜನ. ಚಳಿ ಹೇಗಿದೆ ಮೇಡಂ ಎಂಬುದಕ್ಕೆ ಕೊಟ್ಟ ಉತ್ತರವನ್ನು ಇನ್ನೂ ಒಬ್ಬರು ಕೇಳಿಸಿಕೊಂಡಿದ್ದರು. ಏನು ಹೇಳಿದ್ದೆ? ಎಷ್ಟು ನೆನೆದರೂ ನೆನಪಾಗಲಿಲ್ಲ. ಕೇಳಿಸಿಕೊಂಡವರಿಗೆ ನೆನಪಿರುತ್ತದೆ. ಭಯ ಶುರುವಾದದ್ದು ಆಗ.

ನಿನ್ನೆ ರಾತ್ರಿ ಊಟಕ್ಕೆ ಬಡಿಸುವಾಗ ಗಂಡ ಯಾವುದೋ ಪಾಲಿಸಿಯ ಮಾತಾಡುತ್ತಿದ್ದ. ಅವಳು ಸಾರು ಬಡಿಸುತ್ತ ಹೂಂ, ಹೂಂ ಅನ್ನುತ್ತಿದ್ದಳು. ಅವನು ಕೈ ತಡೆದು, ನಾನೀಗ ಏನು ಹೇಳಿದೆ ಹೇಳು ನೋಡೋಣ ಅಂದ. ಅವಳು ಮತ್ತೆ ಹೂಂ ಅಂದಳು. "ನಿನ್ನ ಹೂಂಗೆ ಒಂದು ರಬ್ಬರ್ ಸ್ಟಾಂಪ್ ಮಾಡಿಸ್ಕೊಡ್ತೀನಿ ಕಣೆ, ನೀನು ಬರೋದೇ ಬೇಡ, ಅದನ್ನೇ ಇಟ್ಕೊಂಡು ಸಂಸಾರ ಮಾಡ್ತೀನಿ" ಎಂದು ನಕ್ಕ. ಕೆಟ್ಟವನಲ್ಲ. ನಕ್ಕು, ಉಪ್ಪಿನಕಾಯಿ ಕೇಳಿದ.

ಕಗ್ಗದಾಸಪುರದಲ್ಲಿ ಬಸ್ಸಿಳಿದರೆ ರೈಲ್ವೆ ಗೇಟು ಹಾಕಿತ್ತು. ಸೈಕಲ್ಲು, ಸ್ಕೂಟರು, ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತವರು, ಎಲ್ಲರೂ ಅಡ್ಡಗಂಬಕ್ಕೆ ಮುಖ ಕೊಟ್ಟು ನಿಂತಿದ್ದರು. ಯಾರಿಗೂ ಅವಸರವಿದ್ದಂತಿರಲಿಲ್ಲ. ಗಾಡಿ ಬರುವ ಸುಳಿವೂ ಇಲ್ಲ. ಪಕ್ಕದ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕಾಲು ಚಾಚಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಈ ಊರಿನ ಹೊಲಗಳೆಲ್ಲ ಸೈಟಾದರೂ ಮೊರ ಉಳಿದಿತ್ತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಅಂಬುಜಾ ಹೊಸಕೋಟೆಯಾಚೆಯ ಹಳ್ಳಿಯಲ್ಲಿ, ಅಜ್ಜಿಯ ಜಗಲಿಯಲ್ಲಿದ್ದಳು. ದೀಪ ಹಚ್ಚುವ ಹೊತ್ತು. ಅಜ್ಜಿ ಹೇಳುವ ಕಥೆಗೆ ಯಾರಾದರೂ ಹೂಂಗುಟ್ಟಬೇಕು, ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಗೋಡೆಗೆ ಹೇಳೋಕೆ ನನಗೇನು ಹುಚ್ಚೇನೇ ಅನ್ನುತ್ತಿದ್ದಳು ಅಜ್ಜಿ. ಮಕ್ಕಳೆಲ್ಲ ಸೇರಿ ಆ ಕೆಲಸವನ್ನು ಅಂಬುಜಾಗೇ ಬಿಟ್ಟಿದ್ದರು. ರಾಜಕುಮಾರ ಕುದುರೆ ಹತ್ತಿದ. ಹೂಂ. ಕಾಡು ದಾಟಿದ. ಹೂಂ. ಅಜ್ಜಿ ದನಿ ಬದಲಿಸದೆ, ಮೊರ ನಿಲ್ಲಿಸದೆ, ಕುದುರೆ ನುಗ್ಗೆಮರ ಹತ್ತಿತು ಅನ್ನುವಳು. ಹೂಂ. ಮೊರ ತಟಕ್ಕನೆ ನಿಲ್ಲುತ್ತಿತ್ತು. ಎಲ್ಲಿ ಹತ್ತಿತೇ? ಕುದುರೆ ನುಗ್ಗೆಮರ ಹತ್ತುತ್ತೇನೇ? ಚಿಕ್ಕಪ್ಪನ ಮಕ್ಕಳೆಲ್ಲ ಉರುಳಾಡಿ ನಗುತ್ತಿದ್ದರು. ನಿದ್ದೆ ಬಂದಿತ್ತು ಎಂದು ಅಂಬುಜಾ ಸುಳ್ಳು ಹೇಳುತ್ತಿದ್ದಳು. ನಿದ್ದೆ ಬಂದಿರುತ್ತಿರಲಿಲ್ಲ. ಕುದುರೆ ಮರ ಹತ್ತಿದ್ದು ಅವಳಿಗೆ ಚೆನ್ನಾಗಿಯೇ ಕೇಳಿಸಿರುತ್ತಿತ್ತು. ಅಜ್ಜಿ ಹೇಳಿದ ಮೇಲೆ ಹತ್ತಿರಲೂಬಹುದು, ಇಲ್ಲ ಅಂದರೆ ಕಥೆ ನಿಂತುಹೋದೀತು, ಅಜ್ಜಿಯ ಮುಖ ಬೇರೆ ಕಡೆ ತಿರುಗೀತು ಎಂದು ಹೂಂ ಅನ್ನುತ್ತಿದ್ದಳು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಇಲ್ಲ ಅಂದು ನೋಡಿದ್ದಳು. ಸಭೆಯಲ್ಲಿ ಶ್ರೀಕಂಠಯ್ಯನವರು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಎದ್ದು ನಿಂತು, ಅದು ಹಾಗಲ್ಲ ಸರ್, ಒಂದು ಹೆಜ್ಜೆ ಬಿಟ್ಟುಹೋಗಿದೆ ಅಂದಿದ್ದಳು. ಅವರು ಸಿಟ್ಟಾಗಲಿಲ್ಲ. ಸೀಮೆಸುಣ್ಣವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿ, ಬನ್ನಿ, ಇವತ್ತು ಅಂಬುಜಮ್ಮನವರು ನಮಗೆಲ್ಲ ಅಕ್ಷರಾಭ್ಯಾಸ ಮಾಡಿಸ್ತಾರೆ, ಎಲ್ಲರೂ ಸ್ಲೇಟು ತೆಗೀರಪ್ಪ ಎಂದರು. ಕೋಣೆಯೆಲ್ಲ ನಕ್ಕಿತು. ಮಾರನೆಯ ದಿನ ಅವರೇ ಬಂದು, ನೀವು ಹೇಳಿದ್ದು ಸರಿಯಿತ್ತಮ್ಮ ಅಂದರು. ಒಬ್ಬಳೇ ಇದ್ದಾಗ. ಆಮೇಲೆ ಬಡ್ತಿ ಕೊಡಿಸಿದವರೂ ಅವರೇ, ಮಗಳು ಶರ್ವಾಣಿಗೆ ಕಾಮಾಲೆಯಾದಾಗ ತಮ್ಮ ಕಾರು ಕಳಿಸಿದವರೂ ಅವರೇ. ಅವರ ಹಣೆಯ ವಿಭೂತಿ ನೋಡಿದರೆ ಈಗಲೂ ಕೈ ತಾನಾಗಿ ಮುಗಿಯುತ್ತದೆ.

ಗಾಡಿ ಹಾದುಹೋಯಿತು. ಗೇಟು ಎತ್ತಿದರು. ಜನದ ಜೊತೆ ಹಳಿ ದಾಟುವಾಗ ಅಂಬುಜಾ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ, ಅಂದರೆ ಎಲ್ಲರೂ ಇದ್ದರು.

ಪ್ರಯೋಗಾಲಯದ ಅಂಗಳದಲ್ಲಿ ಲಾರಿ ಬಂದು ನಿಂತಿತ್ತು. ಫೋನಿನ ಪೆಟ್ಟಿಗೆಗಳು ಆಗಲೇ ಒಳಗೇರಿದ್ದವು, ಮೇಲೆ ಟಾರ್ಪಾಲು ಹೊದಿಸುತ್ತಿದ್ದರು. ಇವತ್ತಿನದು ಪರೀಕ್ಷೆಯ ಕೊನೆಯ ಕರೆ. ಅದೂ ಆಗಿ ಅಂಬುಜಾ ಹೂಂ ಅಂದರೆ ಲಾರಿ ಹೊರಡುತ್ತದೆ. ಆಮೇಲೆ ಯಾವುದೋ ಮಂಜಿನ ಬೆಟ್ಟದ ಮೇಲೆ ಯಾರದೋ ಮಗ ಆ ಫೋನೆತ್ತಿ, ನಾಳೆ ನಾವು ಈ ದಾರಿಯಲ್ಲಿ ಇಳಿಯುತ್ತೇವೆ ಎಂದು ನಂಬಿ ಹೇಳುತ್ತಾನೆ. ಅವನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ರಿಸೀವರಿನ ಮೇಲೆ ಅವನ ಉಸಿರು ಹಬೆಗಟ್ಟುವುದು ಮಾತ್ರ ಕಾಣುತ್ತಿತ್ತು.

ಮೆಟ್ಟಿಲ ಹತ್ತಿರ ಅಕ್ತರ್ ಎದುರಾದ. ತಂತಿ ಎಳೆಯುವ, ಜೋಡಿಸುವ ಕೆಲಸವೆಲ್ಲ ಅವನದು. ಸೇನೆಯ ಕಚೇರಿಯಿಂದ ಶಿವಾಜಿನಗರ ಹಾದು ಇಲ್ಲಿಯತನಕ ಬೀದಿಬದಿಯ ಪೆಟ್ಟಿಗೆಗಳಲ್ಲಿ ಈ ಲೈನು ಕೂಡಿಸಿಕೊಂಡು ಬಂದವನು ಅವನೇ. ನಿನ್ನೆ ರಾತ್ರಿ ಯಾರು, ಯಾರು ಎಂದು ಮನಸ್ಸು ಮನೆಮನೆ ಅಲೆಯುವಾಗ ಅದು ಎಲ್ಲರಿಗಿಂತ ಮೊದಲು ಹೋಗಿ ನಿಂತದ್ದು ಪುಲಿಕೇಶಿನಗರದಲ್ಲಿ, ಅಕ್ತರನ ಮನೆ ಬಾಗಿಲಲ್ಲಿ. ಹಾಗೇಕೆ ಎಂದು ಅವಳು ತನ್ನನ್ನು ಕೇಳಿಕೊಂಡಿದ್ದಳು. ಲೈನು ಎಳೆದವನು ಅವನು, ಅದಕ್ಕೆ, ಎಂದು ಉತ್ತರ ಬಂದಿತ್ತು. ಅದೊಂದೇ ಅಲ್ಲ ಎಂದು ಅವಳಿಗೂ ಗೊತ್ತಿತ್ತು. ದೇವರ ಮನೆಯ ದೀಪ ಕಾಣುವಂತೆ ಮಗ್ಗುಲಾಗಿ ಮಲಗಿಕೊಂಡು ಅಂಥದನ್ನು ಯೋಚಿಸಿದ್ದಳು. ಈಗ ಅವನು ಪರೀಕ್ಷೆಯ ಪೆಟ್ಟಿಗೆಯನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ನಿಂತು ಅವಳ ಮುಖ ನೋಡಿದ.

"ಏನ್ ಮೇಡಂ, ರೋಜಾ ಇರೋದು ನಾವು, ಮುಖ ಬಾಡಿರೋದು ನಿಮ್ದು?"

ಅವಳಿಗೆ ನಗು ಬರಲಿಲ್ಲ. ಸಂಜೆ ಉಪವಾಸ ಬಿಟ್ಟ ಮೇಲೆ ಒಳ್ಳೆ ಖರ್ಜೂರ ತಂದುಕೊಡುತ್ತೇನೆ, ಅಮ್ಮಿ ನಿಮಗೆ ಅಂತ ತೆಗೆದಿಟ್ಟಿದ್ದಾರೆ ಎಂದ. ಅವಳು ದೊನ್ನೆಯ ಹುಗ್ಗಿಯನ್ನು ಅವನಿಗೆ ಕೊಡಲು ಹೋಗಿ, ಉಪವಾಸ ನೆನಪಾಗಿ ಕೈ ಹಿಂದೆ ತೆಗೆದಳು. ಇರಲಿ ಮೇಡಂ, ಕಣ್ಣಲ್ಲೇ ತಿಂದೆ ಎಂದು ಅವನು ಕಾರಿನ ಕಡೆ ನಡೆದ. ಕರೆಯಲ್ಲಿ ನಾನು ಹೂಂ ಬದಲು ಇಲ್ಲ ಅಂದರೆ ಮೊದಲು ಹಿಡಿಯುವುದು ಇವನನ್ನೇ, ಎಂಬುದು ಆಗ ಅವಳಿಗೆ ಹೊಳೆಯಿತು. ಒಮ್ಮೆ ಯಾವುದೋ ನಕ್ಷೆ ಕಳೆದುಹೋಗಿ, ಉಗ್ರಾಣದ ಪ್ರೇಮ್‌ಕುಮಾರನನ್ನು ವಿಚಾರಣೆಗೆಂದು ಕರೆದುಕೊಂಡು ಹೋಗಿದ್ದರು. ನಕ್ಷೆ ಬೇರೆ ಬೀರುವಿನಲ್ಲೇ ಸಿಕ್ಕಿತು. ಆದರೆ ತಿರುಗಿ ಬಂದ ಪ್ರೇಮ್‌ಕುಮಾರ್ ಕ್ಯಾಂಟೀನಿನಲ್ಲಿ ಗೋಡೆಗೆ ಮುಖ ಮಾಡಿ ಊಟಮಾಡತೊಡಗಿದ್ದ. ವರ್ಗವಾಗಿ ಹೋಗುವ ತನಕ ಹಾಗೆಯೇ. ಇಲ್ಲ ಅಂದರೆ ಅಕ್ತರ್. ಆಮೇಲೆ ನಾನು. ನಿನ್ನೆ ಹೂಂ ಅಂದವರು ಇವತ್ತೇಕೆ ಇಲ್ಲ ಅನ್ನುತ್ತೀರಿ ಎಂದು ಕೇಳುವ ಮುಖಗಳು. ಹೂಂ ಅಂದರೆ ಮಾತ್ರ ಯಾರಿಗೂ ಏನೂ ಆಗುವುದಿಲ್ಲ, ಇಲ್ಲಿ.

ಸೇನೆಯ ಕಚೇರಿಗೆ ಹೊರಡುವ ಅವಸರದಲ್ಲಿದ್ದ ಶ್ರೀಕಂಠಯ್ಯನವರನ್ನು ಕಾರಿನ ಬಾಗಿಲಲ್ಲಿ ಹಿಡಿದಳು. ಬೆಳಗಿನ ಪೂಜೆಯ ಗಂಧದ ವಾಸನೆ ಇನ್ನೂ ಅವರ ಮೈಮೇಲಿತ್ತು. ಸರ್, ನಿನ್ನೆ ಆ ಅಂಕಿಗಳು, ಎಂದಳು. "ಹೊಂದಿತಲ್ಲಮ್ಮ, ನೀವೇ ಹೂಂ ಅಂದ್ರಲ್ಲ" ಎಂದು ಅವರು ಮುಗುಳ್ನಕ್ಕರು. ಆ ನಗೆಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಕಾರಿನೊಳಗಿಂದ ಅಕ್ತರ್ ಕೈ ಬೀಸಿದ. ಧೂಳು ಇಳಿಯುವ ತನಕ ಅವಳು ಅಲ್ಲೇ ನಿಂತಿದ್ದಳು. ಒಂದು ಆಸೆ ಉಳಿದಿತ್ತು. ನಾನೇ ಪರದೆಯನ್ನು ತಪ್ಪು ಓದಿರಬಹುದು. ಅಥವಾ ಅವರು ನೋಡದೆಯೇ ಏನೋ ಹೇಳಿರಬಹುದು. ಹಾಗಾಗಿದ್ದರೆ ಸಾಕು ತಂದೆ, ಎಂದು ಮೇಲಿನ ಮಹಡಿ ಹತ್ತುವ ತನಕ ಬೇಡಿಕೊಂಡಳು. ತಾನು ದೇವರಂತೆ ಕಾಣುವ ಒಬ್ಬ ಮನುಷ್ಯ ಸುಳ್ಳು ಹೇಳಿರಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೇನೆಂಬುದು ಕೊನೆಯ ಮೆಟ್ಟಿಲಲ್ಲಿ ಅರಿವಿಗೆ ಬಂತು.

ಫೋನು ಬಂದಾಗ ಬಿಸಿಲು ಮೇಜಿನ ತುದಿಗೆ ಬಂದಿತ್ತು. ಹಸಿರು ದೀಪ ಹತ್ತಿತು. ಈ ಸಲ ಬಾಯಿಗಿಂತ ಮೊದಲು ಕಣ್ಣನ್ನು ಕಳಿಸಿದಳು. ಎರಡು, ಎಂಟು, ಸೊನ್ನೆ, ಆರು. ಬೆರಳಿಟ್ಟು ಮತ್ತೊಮ್ಮೆ ಓದಿಕೊಂಡಳು. ಆಚೆ ಕಡೆ ಸ್ಪೀಕರ್ ಹಾಕಿದ್ದರು, ಕುರ್ಚಿಗಳು ಸರಿದದ್ದು, ಯಾರೋ ಕೆಮ್ಮಿದ್ದು, ಬಟ್ಟಲು ತಟ್ಟೆಗೆ ತಾಕಿದ್ದು, ಎಲ್ಲವೂ ನಿಚ್ಚಳ. ಹೂಂ ಅಂಬುಜಾ, ಓದಲೇ ಎಂದರು ಶ್ರೀಕಂಠಯ್ಯ.

"ಇವತ್ತು ನಾನು ಓದ್ತೀನಿ ಸರ್" ಎಂದಳು. ಆ ದನಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಅವರಿಗೂ ಅಚ್ಚರಿಯಾಗಿರಬೇಕು. ಓದಿ ಓದಿ, ಅಂದರು.

ಮೊರ ಕೇರುವ ಕೈಯನ್ನು ನಿಲ್ಲಿಸದೆ, ದನಿ ಬದಲಿಸದೆ, ಅಜ್ಜಿ ಹೇಳುತ್ತಿದ್ದ ಹಾಗೆಯೇ ಹೇಳಿದಳು. ಒಂದು, ಎರಡು, ಮೂರು, ನಾಲ್ಕು.

"ಹೂಂ. ಸರಿ ಇದೆಯಮ್ಮ."

ಕುದುರೆ ನುಗ್ಗೆಮರ ಹತ್ತಿತ್ತು. ಮೊದಲು ಅವಳಿಗೆ ನಗು ಬಂತು. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸರಿದು ಉಸಿರು ಹೊಕ್ಕುಳಿನ ತನಕ ಹೋಗಿ ಬಂತು. ಅವರು ನೋಡುತ್ತಲೇ ಇಲ್ಲ. ನಿನ್ನೆಯೂ ನೋಡಿಲ್ಲ. ನಡುವೆ ಯಾರೂ ಇಲ್ಲ, ಇರುವುದು ನಾವಿಬ್ಬರೇ, ಒಬ್ಬರಿಗೊಬ್ಬರು ತಲೆದೂಗುತ್ತ. ಇಷ್ಟಕ್ಕೇ ಫೋನು ಇಟ್ಟುಬಿಡಬಹುದು. ಅಂಕಿ ಅಳಿಸಿಹೋಗುತ್ತದೆ, ಅಕ್ತರ್ ಖರ್ಜೂರ ತರುತ್ತಾನೆ, ಲಾರಿ ಹೊರಡುತ್ತದೆ. ರಿಸೀವರು ಕಿವಿಯಿಂದ ಒಂದು ಗೇಣು ಕೆಳಗಿಳಿಯಿತು ಕೂಡ. ಅಲ್ಲಿಗೇ ನಿಂತಿತು. ಮರ ಹತ್ತಿದ ಕುದುರೆಯನ್ನು ಅಲ್ಲೇ ಬಿಟ್ಟು ಅಜ್ಜಿ ಯಾವತ್ತೂ ಕಥೆ ಮುಂದುವರಿಸಿದವಳಲ್ಲ.

"ಸರ್, ನಾನು ಓದಿದ್ದು ಸುಳ್ಳು. ನನ್ನ ಪರದೆ ಮೇಲೆ ಅದಿಲ್ಲ. ನಿಮ್ಮದರಲ್ಲಿ ಏನಿದೆಯೋ ನೋಡಿ ಓದಿ."

ಶ್ರೀಕಂಠಯ್ಯನವರ ದನಿ ತಗ್ಗಿತು. "ಅಂಬುಜಾ, ಎಲ್ಲರೂ ಇದಾರಮ್ಮ ಇಲ್ಲಿ."

ಗೊತ್ತು ಸರ್, ಓದಿ, ಎಂದಳು. ಈಗ ಸೀಮೆಸುಣ್ಣ ಚಾಚುತ್ತಾರೆ, ಈಗ ಎಲ್ಲರೂ ನಗುತ್ತಾರೆ ಎಂದು ಕಾದಳು. ಯಾರೂ ನಗಲಿಲ್ಲ. ಆಟದಲ್ಲಿ ಸಿಕ್ಕಿಬಿದ್ದ ಹುಡುಗನಂತೆ ಅವರು ಹೇಳಿದರು. ಈ ಅಕ್ಷರ ನನ್ನ ಕಣ್ಣಿಗೆ ಹಿಡಿಯೋದಿಲ್ಲಮ್ಮ. ಇವರೆಲ್ಲರ ಮುಂದೆ ಕನ್ನಡಕ ಹಾಕಿಕೊಂಡು ತಡಕಾಡೋದು ಬೇಡ ಅನ್ನಿಸ್ತು. ನಿನ್ನೆ, ಬೆಳಿಗ್ಗೆ ಲ್ಯಾಬಿನಲ್ಲಿ ಬಂದಿದ್ದ ಅಂಕಿ ನೆನಪಿತ್ತು, ಅದನ್ನೇ ಅಂದೆ. ನೀವೂ ಹೂಂ ಅಂದ್ರಿ.

ಅವರ ಮೇಲೆ ಅವಳಿಗೆ ಎಷ್ಟು ಕರುಣೆ ಬಂತೆಂದರೆ, ಹೋಗಲಿ ಬಿಡಿ ಸರ್ ಅನ್ನುವುದರಲ್ಲಿದ್ದಳು. ಅವರೇ ತಪ್ಪಿಸಿದರು. ಅಕ್ತರ್, ಬಾಪ್ಪ ಇಲ್ಲಿ, ಇದನ್ನ ಓದಿ ಹೇಳು ಮೇಡಂಗೆ, ಎಂದು ಕರೆದದ್ದು ಕೇಳಿಸಿತು. ಹೆಜ್ಜೆಯ ಸದ್ದು. ಒಣಗಿದ ಗಂಟಲನ್ನು ಸರಿಮಾಡಿಕೊಂಡ ಸದ್ದು. ಅಂಬುಜಾ ಮೊದಲ ಅಂಕಿಯ ಮೇಲೆ ಬೆರಳಿಟ್ಟು, ಎರಡು ಅನ್ನು, ಎರಡು ಅನ್ನು ಮಾರಾಯ, ಎಂದು ಜಪಿಸಿದಳು.

"ಒಂಬತ್ತು" ಎಂದ ಅಕ್ತರ್. "ನಾಲ್ಕು. ಒಂಬತ್ತು. ಏಳು."

ಅವಳು ಇನ್ನೊಮ್ಮೆ ಓದಿಸಿದಳು. ಅವನು ಬಿಡಿಸಿ ಬಿಡಿಸಿ ಓದಿದ, ಸಾಲದೆಂದು ತನ್ನ ಮಾತಿನಲ್ಲೂ ಓದಿದ. ನೌ, ಚಾರ್, ನೌ, ಸಾತ್. ದನಿ ಪಕ್ಕದ ಕೋಣೆಯಿಂದ ಬಂದಷ್ಟು ನಿಚ್ಚಳ. ಉಪವಾಸದ ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವ ಸಣ್ಣ ಸದ್ದೂ ಕೇಳುತ್ತಿತ್ತು. ಅವಳ ಬೆರಳ ಕೆಳಗೆ ಎರಡು, ಎಂಟು, ಸೊನ್ನೆ, ಆರು ಹಸಿರಾಗಿ ಉರಿಯುತ್ತಿದ್ದವು. ಸುಳ್ಳು ಹೇಳುವವರೆಲ್ಲ ನಿಜ ಹೇಳಿ ಮುಗಿಸಿದ್ದರು. ಕನ್ನಡಕವಿಲ್ಲದವರು ಪಕ್ಕಕ್ಕೆ ಸರಿದಿದ್ದರು. ಅಕ್ತರ್ ಅಷ್ಟು ಜನರ ಕಣ್ಣೆದುರು ಎರಡೂ ಕೈ ಕಾಣುವಂತೆ ನಿಂತಿದ್ದ. ಆದರೂ ಅಂಕಿ ಬೇರೆ, ಮಾತು ನಿಚ್ಚಳ. ಅಂದರೆ ನಡುವೆ ಕೂತವರು ಇದ್ದಾರೆ. ನಿನ್ನೆ ಇದ್ದರೋ ಇಲ್ಲವೋ ಇನ್ನು ಯಾರಿಗೂ ತಿಳಿಯುವುದಿಲ್ಲ, ಈಗ ಇದ್ದಾರೆ. ಇವಳ ಉಸಿರನ್ನು ಎಣಿಸುತ್ತ, ಇವಳೀಗ ಏನು ಹೇಳುತ್ತಾಳೆಂದು ಅಕ್ತರನಿಗಿಂತ ಮೊದಲು ಕೇಳಿಸಿಕೊಳ್ಳಲು ಕಾಯುತ್ತಿದ್ದಾರೆ. ಕತ್ತಲೆ ಕೋಣೆಯಲ್ಲಿ ಕೈ ಚಾಚಿದರೆ ಇನ್ನೊಂದು ಕೈ ಸಿಕ್ಕಿದ ಹಾಗಾಯಿತು ಅವಳಿಗೆ.

"ಸರಿ ಇದ್ಯಾ ಮೇಡಂ?" ಎಂದ ಅಕ್ತರ್.

ಹೂಂ ಗಂಟಲ ತನಕ ಬಂದಿತ್ತು. ಅಭ್ಯಾಸದ ಹಸು ಕೊಟ್ಟಿಗೆಯ ದಾರಿ ಹಿಡಿದ ಹಾಗೆ ತಾನಾಗಿ ಬಂದು ನಿಂತಿತ್ತು. ಅವಳು ಅದನ್ನು ನುಂಗಿದಳು.

"ಇಲ್ಲ. ಹೊಂದ್ತಿಲ್ಲ."

ಯಾರಿಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ತಂತಿಯ ಮೇಲೆ ಎಲ್ಲೋ, ಕೂತಿದ್ದವರು ಕೈಯೂರಿ ಎದ್ದಾಗ ಬಳೆಯೋ ಗಡಿಯಾರವೋ ನೆಲಕ್ಕೆ ತಾಕುವಂಥ ಸಣ್ಣದೊಂದು ಟಕ್. ಮೇಡಂ, ಏನಂದ್ರಿ, ಎಂದು ಅಕ್ತರ್ ಕೇಳುತ್ತಿದ್ದ ಮಾತು ನಡುವಿನಲ್ಲೇ ಒಡೆದು ರಾಗಿಯಾಗಿ ಸುರಿಯತೊಡಗಿತು. ಮೊರ ತುಂಬಿ, ಜಗಲಿ ತುಂಬಿ, ಕಿವಿ ತುಂಬಿ ಸುರಿಯಿತು. ನಡುವಿನವರು ಎದ್ದು ಹೋಗಿದ್ದರು. ಈ ತುದಿಯ ಕೀಲಿಕೈಯೂ ಆ ತುದಿಯ ಕೀಲಿಕೈಯೂ ಈಗ ನೇರವಾಗಿ ಒಂದನ್ನೊಂದು ಮುಟ್ಟುತ್ತಿದ್ದವು. ಒಂದಕ್ಕೊಂದು ಹೊಂದದವು ಮುಟ್ಟಿದಾಗ ಬರಬೇಕಾದ ಸದ್ದೇ ಬರುತ್ತಿತ್ತು.

ಅಂಬುಜಾ ರಿಸೀವರು ಇಡಲಿಲ್ಲ. ಇಟ್ಟರೆ ಅಂಕಿ ಅಳಿಸಿಹೋಗುತ್ತದೆ, ಇರುವ ಸಾಕ್ಷಿ ಅದೊಂದೇ. ಅದನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ಎದ್ದಳು. ಸುರುಳಿ ತಂತಿ ಎಟುಕುವಷ್ಟು ದೂರ, ಕಿಟಕಿಯ ತನಕ ನಡೆದಳು. ಕೆಳಗೆ ಲಾರಿಯವನು ಟಾರ್ಪಾಲಿನ ಹಗ್ಗದ ಕೊನೆಯ ಗಂಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಿಗಿಯಲೇ ಎಂಬಂತೆ ಮೇಲೆ ನೋಡಿದ. ಒಂದು ಕೈ ಬಿಡಿಸಿ, ಕಿಟಕಿಯ ಸರಳಿನ ಆಚೆ ಚಾಚಿ, ಬೇಡ ಎಂದು ಆಡಿಸಿದಳು. ಅವನಿಗೆ ಅರ್ಥವಾಗಲಿಲ್ಲವೇನೋ, ತಲೆಯೆತ್ತಿ ನೋಡುತ್ತಲೇ ಇದ್ದ. ಅವನು ಹಗ್ಗ ಬಿಡುವ ತನಕ ಅವಳು ಕೈಯಾಡಿಸುತ್ತಲೇ ಇದ್ದಳು.